ಥೋರೋನ ಬೀನ್ಸು ಕನ್ನಡಕ್ಕೆ ಬಂದದ್ದು

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋನ 'ವಾಲ್ಡನ್' ಪುಸ್ತಕದ ಒಂದೇ ಒಂದು ಅಧ್ಯಾಯವನ್ನು ಕನ್ನಡಕ್ಕೆ ತರೋಣ ಅಂತ ಕೂತೆ. ಅವನು ಬೀನ್ಸ್ ಬೆಳೆದ ಕಥೆ. ಇರುವುದರಲ್ಲಿ ಇದೇ ಸುಲಭ ಅಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ಬೀನ್ಸಿಗೆ ಏನನ್ನುವುದು? ಸುಮ್ನೆ 'ಹುರುಳಿ' ಅಂತ ಬರೆದೆ. ಓದಿದ ಗೆಳೆಯ "ಏನು, ಕುದುರೆ ಸಾಕಿದ್ನಾ?" ಅಂದ. ನಿಜ, ಹುರುಳಿ ಅಂದರೆ ನಮಗೆ ಕಟ್ಟಿನ ಸಾರು ನೆನಪಾಗುತ್ತದೆ. 'ಅವರೆ' ಅಂದರೆ ಸೊಗಡಿನ ವಾಸನೆಯೇ ಬಂದುಬಿಡುತ್ತದೆ. ಅವನು ಬಿತ್ತಿದ್ದು ಪೊದೆಯಾಗಿ ಬೆಳೆಯುವ ಸಣ್ಣ ಬಿಳಿ ಬೀನ್ಸ್. ನಾವು ಪಲ್ಯ ಮಾಡುವ ಹುರುಳಿಕಾಯಿಯದೇ ಜಾತಿ, ಆದರೆ ಕಾಳಿಗಾಗಿ ಬೆಳೆದದ್ದು. ಕೊನೆಗೆ 'ಬಿಳಿ ಬೀನ್ಸ್' ಅಂತಲೇ ಉಳಿಸಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅಮೆರಿಕದ ರೊಮ್ಯಾಂಟಿಕ್ ಲೇಖಕರು ಅಂದರೆ ಪರೀಕ್ಷೆಗೆ ಓದಿದ್ದು ತಲೆಯಲ್ಲಿತ್ತು: 1836ರಲ್ಲಿ ಎಮರ್ಸನ್ 'ನೇಚರ್' ಬರೆದ, ಥೋರೋ ಕಾಡಿಗೆ ಹೋದ, ಹೀಗೆ. ಹಾಗಾಗಿ ಪ್ರತಿ ಸಾಲಿಗೂ ಒಂದು 'ಪ್ರಕೃತಿ', ಒಂದು 'ಆತ್ಮ' ತುರುಕಿದ್ದೆ. ಜೋರಾಗಿ ಓದಿದರೆ ಪ್ರವಚನ ಕೇಳಿದ ಹಾಗಿತ್ತು.

ಎಲ್ಲ ಹರಿದು ಹಾಕಿ ಅಮ್ಮನ ಮುಂದೆ ಕೂತೆ. ಅವಳು ರಾಗಿ ಹೊಲದಲ್ಲಿ ಕಳೆ ತೆಗೆದು ಬೆಳೆದವಳು. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಹತ್ತಿರ, ಕೆರೆಯ ದಡದಲ್ಲಿ, ಎಮರ್ಸನ್ನನ ಜಾಗದಲ್ಲಿ ಗುಡಿಸಲು ಕಟ್ಟಿ, 1845ರ ಜುಲೈ 4ರಂದು ಅಲ್ಲಿಗೆ ಹೋದ ಅಂತ ಹೇಳಿದೆ. ಬೀನ್ಸ್ ಹಾಕಿದ್ದು ಎರಡೂವರೆ ಎಕರೆ. ಸಾಲುಗಳನ್ನೆಲ್ಲ ಜೋಡಿಸಿದರೆ 7 ಮೈಲಿ!

"ಸಾಲಿಂದ ಸಾಲಿಗೆ ಎಷ್ಟು?"

"ಮೂರಡಿ."

"ಮತ್ತೆ ಕುಂಟೆ ಹೊಡೀಬಹುದಿತ್ತಲ್ಲ?"

ಉಳುಮೆಗೆ ಜೋಡಿಯನ್ನೂ ಆಳನ್ನೂ ಬಾಡಿಗೆಗೆ ತಂದಿದ್ದ. ಕಳೆ ಮಾತ್ರ ಕೈಯಲ್ಲೇ, ಬೆಳಗಿನ ಇಬ್ಬನಿಯಲ್ಲಿ, ಬರಿಗಾಲಲ್ಲಿ. ಅಮ್ಮ ಹೇಳಿಕೊಟ್ಟ ಮಾತುಗಳಲ್ಲಿ ಬರೆದೆ: ಮಣ್ಣು ಏರಿಸುವುದು, ಬುಡ ಸಡಿಲ ಮಾಡುವುದು. ಆಮೇಲೆ ವಾಕ್ಯ ತಾನಾಗಿ ನಡೆಯಿತು.

ಲೆಕ್ಕದ ಪಟ್ಟಿಯನ್ನು ಮೊದಲು ಬಿಟ್ಟುಬಿಡೋಣ ಅನಿಸಿತ್ತು. ಖರ್ಚು 14 ಡಾಲರ್ 72½ ಸೆಂಟ್, ಆದಾಯ 23 ಡಾಲರ್ 44 ಸೆಂಟ್, ಉಳಿದದ್ದು 8 ಡಾಲರ್ 71½ ಸೆಂಟ್. ಈಗ ಅನಿಸುತ್ತದೆ, ಆ ಅರ್ಧ ಸೆಂಟ್ ತೆಗೆದರೆ ಅಧ್ಯಾಯವೇ ಹೋಯಿತು. ದುಡ್ಡಿನ ಹಿಂದೆ ಓಡುವವರನ್ನು ಅವರದೇ ಖಾತೆ ಪುಸ್ತಕ ಹಿಡಿದು ಅಣಕಿಸುತ್ತಿದ್ದಾನೆ, ಅಲ್ವಾ?

ಅವನ ಶ್ಲೇಷೆಯೊಂದು ವಾರಗಟ್ಟಲೆ ಕಾಡಿತು. ಏನೂ ಗೊತ್ತಿಲ್ಲದವನಿಗೆ 'ಬೀನ್ಸೂ ಗೊತ್ತಿಲ್ಲ' ಅನ್ನುವುದು ಅಲ್ಲಿಯ ರೂಢಿ. ಇವನು, ನಾನು ಬೀನ್ಸನ್ನು ತಿಳಿದೇ ತೀರುತ್ತೇನೆ ಅನ್ನುತ್ತಾನೆ. ನಮ್ಮಲ್ಲಿ 'ಮಾತಲ್ಲಿ ಹುರುಳಿಲ್ಲ' ಅನ್ನುತ್ತೇವಲ್ಲ! ಆ ಒಂದು ಸಾಲಿಗಾಗಿ ಹೊರಗೆ ಹಾಕಿದ್ದ ಹುರುಳಿಯನ್ನು ವಾಪಸ್ ಕರೆದೆ: 'ಹುರುಳಿಯ ಹುರುಳು ತಿಳಿಯದೆ ಬಿಡೆ.' ಮೋಸವೇ. ಬಿಡಲು ಮನಸ್ಸಾಗಲಿಲ್ಲ.

ಕಾಲು ಎಕರೆ ತಿಂದು ಮುಗಿಸಿದ ವುಡ್‌ಚಕ್ಕನ್ನು (ಬಿಲ ತೋಡಿ ಬದುಕುವ, ಅಳಿಲಿನ ಬಳಗದ ದಪ್ಪ ಪ್ರಾಣಿ) ಮಾತ್ರ ಹೆಗ್ಗಣ ಮಾಡಲು ಹೋಗಲಿಲ್ಲ.

ಮುಗಿದ ಮೇಲೆ ಅಮ್ಮನಿಗೆ ಪೂರ್ತಿ ಓದಿದೆ. ಬೀನ್ಸ್ ಅವನಿಗೆ ತಿನ್ನಲು ಬೇಕಿರಲಿಲ್ಲ, ಕೊಟ್ಟು ಅಕ್ಕಿ ತಗೊಂಡ. ಭಾರತದ ತತ್ವಶಾಸ್ತ್ರ ಅಂದರೆ ಪ್ರೀತಿ, ಹಾಗಾಗಿ ಅನ್ನವೇ ಸರಿ ಅಂತ ಬರೆದುಕೊಂಡಿದ್ದಾನೆ ಅಂದೆ.

"ಏಳು ಮೈಲಿ ಕಳೆ ಕಿತ್ತು ಅಂಗಡಿ ಅಕ್ಕಿ ತಿಂದ್ನಾ?" ಅಂದಳು ಅಮ್ಮ. "ಮುದ್ದೆ ಗೊತ್ತಿರಲಿಲ್ಲ, ಪಾಪ."