ಒಂಟಿಮನೆಯ ಮಗು ಅಂಗನವಾಡಿಗೆ ಹೊರಡುವ ಮುನ್ನ

ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವಿನ ಒಂಟಿಮನೆಗಳಲ್ಲಿ ಬೆಳೆಯುವ ಅನೇಕ ಮಕ್ಕಳು 3 ವರ್ಷ ತುಂಬಿ ಅಂಗನವಾಡಿಗೆ ಸೇರುವವರೆಗೂ ಬಹುಪಾಲು ದೊಡ್ಡವರ ನಡುವೆಯೇ ಇರುತ್ತಾರೆ. ಮಳೆಗಾಲದಲ್ಲಂತೂ ನೆರೆಮನೆಗೆ ಹೋಗುವುದೂ ಅಪರೂಪ. ಇಂಥ ಮಗು ಇನ್ನೊಬ್ಬರ ಕೈಯಿಂದ ಆಟಿಕೆ ಕಿತ್ತುಕೊಂಡರೆ ಅದನ್ನು ಹಟಮಾರಿತನವೆಂದು ತೀರ್ಮಾನಿಸಬೇಡಿ. 2 ವರ್ಷದ ಮಕ್ಕಳು ಸಾಮಾನ್ಯವಾಗಿ ಅಕ್ಕಪಕ್ಕ ಕುಳಿತರೂ ತಮ್ಮ ತಮ್ಮ ಆಟವನ್ನೇ ಆಡುತ್ತಾರೆ. ಕೂಡಿ ಆಡುವುದು, ಸರದಿ ಕಾಯುವುದು 3–4 ವರ್ಷದ ಹೊತ್ತಿಗೆ ನಿಧಾನವಾಗಿ ಬರುತ್ತದೆ.

ಆದ್ದರಿಂದ ಸೇರಿಸುವ ಕೆಲವು ತಿಂಗಳ ಮೊದಲಿನಿಂದಲೇ, ವಾರಕ್ಕೊಮ್ಮೆಯಾದರೂ, ಹತ್ತಿರದ ಮನೆಯ ಒಂದು ಮಗುವನ್ನು ಜಗಲಿಗೆ ಕರೆಸಿಕೊಳ್ಳಿ. ಒಂದೇ ಸಾಕು, ಗುಂಪು ಬೇಡ. ಮೊದಮೊದಲು ಕರಟ, ಚಮಚಗಳಂಥ ವಸ್ತುಗಳನ್ನು ಎರಡೆರಡು ಇಡಿ. ಆಮೇಲೆ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಅಂಗಳದಲ್ಲಿ ಎಳೆಯುವ ಆಟ ಆಡಿಸಿ; ಅದರಲ್ಲಿ ಸರದಿಯಿಲ್ಲದೆ ಗತಿಯಿಲ್ಲವಾದ್ದರಿಂದ ಪ್ರತ್ಯೇಕ ಉಪದೇಶ ಬೇಕಾಗುವುದಿಲ್ಲ. ಜಗಳವಾದಾಗ ಗದರುವ ಬದಲು, "ಹಾಳೆ ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂತು ಅಲ್ವಾ ಪುಟ್ಟಾ?" ಎಂದು ಅದರ ಭಾವನೆಗೆ ಮಾತು ಕೊಡಿ, ಹೊಡೆಯಲು ಎತ್ತಿದ ಕೈಯನ್ನು ಮಾತ್ರ ಮೆಲ್ಲಗೆ ತಡೆಯಿರಿ.

ಅಂಗನವಾಡಿಯಲ್ಲಿ ಬಿಡುವಾಗ ಕಣ್ಣು ತಪ್ಪಿಸಿ ಹೊರಟುಬಿಡುವ ರೂಢಿ ನಮ್ಮಲ್ಲಿದೆ, ನನಗೆ ಅದು ಸರಿಕಾಣುವುದಿಲ್ಲ. "ಊಟದ ಹೊತ್ತಿಗೆ ಬರುತ್ತೇನೆ" ಎಂದು ಹೇಳಿಯೇ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ಹೆಸರು ಹಿಡಿದು ಕರೆದರೂ ತಿರುಗದ, ಮುಖ ನೋಡಿ ನಗದ ಮಗುವನ್ನು ಮಾತ್ರ "ದೊಡ್ಡದಾದ ಮೇಲೆ ಸರಿಹೋಗುತ್ತದೆ" ಎಂದು ಕಾಯದೆ ಮಕ್ಕಳ ತಜ್ಞರಿಗೆ ತೋರಿಸಿ.