ರಿವರ್ಸ್ ಡಿಎನ್‌ಎಸ್ ತೋರಿಸುವ ಹೆಸರನ್ನು ಪರಿಶೀಲಿಸುವ ಬಗೆ

ರಿವರ್ಸ್ ಡಿಎನ್‌ಎಸ್ ಎಂದರೆ ಐಪಿ ವಿಳಾಸದಿಂದ, ಅಂದರೆ ಅಂತರ್ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆಯಿಂದ, ಅದರ ಹೆಸರನ್ನು ಹುಡುಕುವುದು; ಆ ಹೆಸರು ಸಿಗುವುದು ಪಿಟಿಆರ್ ಎಂಬ ದಾಖಲೆಯಲ್ಲಿ. ಐಪಿ ವಿಳಾಸವೊಂದರ ಪಿಟಿಆರ್ ದಾಖಲೆಯಲ್ಲಿ ಯಾವ ಹೆಸರಿರಬೇಕೆಂದು ನಿರ್ಧರಿಸುವವರು ಆ ವಿಳಾಸ ಸಮೂಹವನ್ನು ನಿರ್ವಹಿಸುವವರೇ ಹೊರತು ಆ ಹೆಸರಿನ ಡೊಮೇನ್‌ನ ಒಡೆಯರಲ್ಲ. ಆದ್ದರಿಂದ ಅಲ್ಲಿ ಪರರ ಹೆಸರನ್ನು ಬರೆದಿಡುವುದಕ್ಕೆ ತಾಂತ್ರಿಕವಾದ ಯಾವ ತಡೆಯೂ ಇಲ್ಲ.

ಸರ್ವರ್‌ನ ಲಾಗ್‌ನಲ್ಲಿ (ಭೇಟಿಗಳ ದಾಖಲೆಯಲ್ಲಿ) ಗೂಗಲ್‌ಬಾಟ್ (ಗೂಗಲ್ ಹುಡುಕಾಟಕ್ಕಾಗಿ ಜಾಲತಾಣಗಳನ್ನು ಓದುವ ತಂತ್ರಾಂಶ) ಎಂದು ಹೇಳಿಕೊಳ್ಳುವ ವಿಳಾಸ ಕಂಡರೆ, ಮೊದಲು ಡಿಎನ್‌ಎಸ್ ದಾಖಲೆಗಳನ್ನು ಹುಡುಕುವ ಡಿಗ್ (dig) ಅಥವಾ ಹೋಸ್ಟ್ (host) ಆದೇಶದಿಂದ ಅದರ ಪಿಟಿಆರ್ ಹೆಸರನ್ನು ಪಡೆಯಿರಿ. ಆ ಹೆಸರು ಗೂಗಲ್‌ಬಾಟ್.ಕಾಮ್ ಅಥವಾ ಗೂಗಲ್.ಕಾಮ್ ಎಂದೇ ಕೊನೆಗೊಳ್ಳಬೇಕು; ನಡುವೆಲ್ಲೋ ಆ ಪದಗಳಿದ್ದರೆ ಸಾಲದು, ಅನೇಕರು ಎಡವುವುದು ಇಲ್ಲಿಯೇ. ಬಳಿಕ ಅದೇ ಹೆಸರಿನ ಎ ಮತ್ತು ಎಎಎಎ ದಾಖಲೆಗಳನ್ನು (ಹೆಸರಿಗೆ ಯಾವ ಐಪಿ ವಿಳಾಸ ಎಂದು ತಿಳಿಸುವವು) ಹುಡುಕಿ, ಮೂಲ ವಿಳಾಸವು ಅವುಗಳಲ್ಲಿ ಇದ್ದರೆ ಮಾತ್ರ ಹೆಸರನ್ನು ನಂಬಿರಿ.

ಎರಡೂ ದಿಕ್ಕು ಹೊಂದಿಕೊಂಡರೂ ತಿಳಿಯುವುದು ಹೆಸರಿನ ಸಾಚಾತನವಷ್ಟೆ. ಸ್ಪ್ಯಾಮ್ ಕಳುಹಿಸುವವರೂ ತಮ್ಮದೇ ಡೊಮೇನ್‌ನಿಂದ ಈ ಪರೀಕ್ಷೆಯನ್ನು ಸುಲಭವಾಗಿ ದಾಟಬಲ್ಲರು.