ಪೊರಕೆಕಡ್ಡಿ, ಬೈಂಡಿಂಗ್ ವೈರಿನಲ್ಲಿ ಕ್ಲಾಥ್ರಿನ್ ಬುಟ್ಟಿ ಕಟ್ಟುವ ಬಗೆ: ನನ್ನ ಅನುಭವ

ಜೀವಕೋಶದೊಳಗಿನ ಸಾಗಣೆಯ ಪಾಠ ಬಂದಾಗ ಕ್ಲಾಥ್ರಿನ್ ಹೊದಿಕೆಗೆ, ಅಂದರೆ ಸರಕು ಹೊರುವ ಪೊರೆಚೀಲದ ಸುತ್ತ ಬುಟ್ಟಿಯಂತೆ ಹೆಣೆದುಕೊಳ್ಳುವ ಪ್ರೋಟೀನ್ ಹೊದಿಕೆಗೆ, ಫುಟ್‌ಬಾಲ್ ತೋರಿಸಿ ಮುಂದಕ್ಕೆ ಹೋಗುವ ರೂಢಿ ಇದೆ. ಆಕಾರ ಸರಿ, ಕಟ್ಟೋಣ ತಪ್ಪು. ಮೂಲೆಗೊಂದು ಗಂಟು, ಗಂಟುಗಳ ನಡುವೆ ಒಂದೊಂದು ಕೋಲು ಎಂದು ಮಕ್ಕಳು ತಿಳಿಯುತ್ತಾರೆ. ನಿಜದಲ್ಲಿ ಅಲ್ಲಿ ಕೋಲು ಎಂಬ ಪ್ರತ್ಯೇಕ ಭಾಗವೇ ಇಲ್ಲ. ಮೂಲೆಗೊಂದರಂತೆ ಕೂತ ಮೂರು ಕಾಲಿನ ಪ್ರೋಟೀನ್, ಅಂದರೆ ಟ್ರಿಸ್ಕೆಲಿಯನ್, ತನ್ನ ಉದ್ದನೆಯ ಕಾಲುಗಳನ್ನು ಪಕ್ಕದವುಗಳ ಕಾಲಿನ ಜೊತೆ ಹೆಣೆದುಕೊಂಡಾಗ ಅಂಚು ಹುಟ್ಟುತ್ತದೆ. ಹಾಸನದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಇದನ್ನು ಕೈಯಿಂದ ಕಟ್ಟಿಸುವ ವಿಧಾನ ಇಲ್ಲಿದೆ. ಟ್ರಿಸ್ಕೆಲಿಯನ್ನಿಗೆ ನಾನು ಮುಕ್ಕಾಲಿ ಎನ್ನುತ್ತೇನೆ. ಮೂರು ಕಾಲಿನ ಮಣೆಯನ್ನು ನೋಡಿದವರಿಗೆ ವಿವರಣೆ ಬೇಡ.

ಒಂದು ಮುಕ್ಕಾಲಿಯಲ್ಲಿ ತಲಾ ಸುಮಾರು 190 ಕಿಲೋಡಾಲ್ಟನ್ (ಅಣುತೂಕದ ಅಳತೆ) ತೂಕದ ಮೂರು ಭಾರದ ಸರಪಳಿ, ಮೂರು ಹಗುರ ಸರಪಳಿ ಇರುತ್ತವೆ. ಒಂದು ಕಾಲಿನ ಉದ್ದ ಸುಮಾರು 47.5 ನ್ಯಾನೊಮೀಟರ್. ಒಂದು ನ್ಯಾನೊಮೀಟರಿಗೆ 4 ಮಿ.ಮೀ. ಅಳತೆ ಇಟ್ಟುಕೊಂಡರೆ ಕಾಲು 19 ಸೆಂ.ಮೀ. ಆಗುತ್ತದೆ: ಮೂರು ಕಾಲು ಕೂಡುವ ಸೊಂಟದಿಂದ ಮಂಡಿಗೆ 7.5, ಮಂಡಿಯಿಂದ ಹರಡಿಗೆ 7.5, ಒಳಕ್ಕೆ ಬಾಗುವ ಪಾದ 4. ಕಟ್ಟಬೇಕಾದ್ದು 36 ಮುಕ್ಕಾಲಿಗಳ ಪೀಪಾಯಿ ಆಕಾರದ ಬುಟ್ಟಿ. 2004ರಲ್ಲಿ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ವಿವರವಾಗಿ ಕಂಡದ್ದು ಇದೇ ಆಕಾರ. 60 ಮುಕ್ಕಾಲಿಯ ಫುಟ್‌ಬಾಲ್ ಆಕಾರವೂ ಇದೆ, ಆದರೆ ಎರಡು ಪ್ರಾಕ್ಟಿಕಲ್ ಅವಧಿಯಲ್ಲಿ ಅದು ಮುಗಿಯುವುದಿಲ್ಲ.

ಮೊದಲು ಅಟ್ಟಣಿಗೆ. ತೆಂಗಿನ ಗರಿಯ ಪೊರಕೆಕಡ್ಡಿ 54 ಬೇಕು, ಒಂದೊಂದೂ 7.5 ಸೆಂ.ಮೀ. ಅರಸೀಕೆರೆ ಕಡೆಯ ಹುಡುಗರಿಗೆ ಹೇಳಿದರೆ ಮನೆಯಿಂದಲೇ ತರುತ್ತಾರೆ. ಬುಡ ದಪ್ಪ, ತುದಿ ಬಳುಕು, ಆದ್ದರಿಂದ ನಡುಭಾಗವನ್ನು ಮಾತ್ರ ಕತ್ತರಿಸಿ. ಉದ್ದದಲ್ಲಿ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಾದರೆ ಕೊನೆಗೆ ಸುತ್ತು ಕೂಡುವುದಿಲ್ಲ. ಗಂಟಿಗೆ ಸೈಕಲ್ ವಾಲ್ವ್ ಟ್ಯೂಬ್, 1.5 ಸೆಂ.ಮೀ.ನ 36 ತುಂಡು. ಲೆಕ್ಕಕ್ಕೆ 54 ಸೆಂ.ಮೀ. ಸಾಕು, ಆದರೂ ಒಂದು ಮೀಟರ್ ತನ್ನಿ. ಅಂಗಡಿಯಲ್ಲಿ ಬಹಳ ದಿನ ಇದ್ದ ಟ್ಯೂಬ್ ಎಳೆದರೆ ಬಿರುಕು ಬಿಡುತ್ತದೆ, ಎಳೆದು ನೋಡಿಯೇ ಕೊಳ್ಳಿ. ತುಂಡಿನ ಎರಡು ತುದಿಗೆ ಎರಡು ಕಡ್ಡಿ ಸಿಕ್ಕಿಸಿ, ನಡುವೆ ಸೂಜಿಯಿಂದ ಚುಚ್ಚಿದ ತೂತಿಗೆ ಮೂರನೆಯದರ ಚೂಪು ಮಾಡಿದ ತುದಿ ತೂರಿಸಿ.

ಒಂದು ಷಡ್ಭುಜದಿಂದ ಶುರು. ಅದರ ಆರು ಮೂಲೆಯಿಂದ ಆರು ಕಡ್ಡಿ ಹೊರಕ್ಕೆ. ಅಕ್ಕಪಕ್ಕದ ಎರಡು ಕಡ್ಡಿಗಳ ತುದಿಯನ್ನು ನೇರವಾಗಿ ಸೇರಿಸದೆ, ನಡುವೆ ಒಂದು ಗಂಟು ಇಟ್ಟು ಎರಡು ಕಡ್ಡಿಯಿಂದ ಸೇರಿಸಿ. ಪಂಚಭುಜವಾಯಿತು. ಆರು ಪಂಚಭುಜ ಮುಗಿಯುವಾಗ ಹಾಳೆ ತಾನಾಗಿ ಬೋಗುಣಿಯಂತೆ ಎದ್ದು ನಿಲ್ಲುತ್ತದೆ: 18 ಗಂಟು, 24 ಕಡ್ಡಿ. ಇಂಥದೇ ಇನ್ನೊಂದು ಬೋಗುಣಿ ಮಾಡಿ, ಪಂಚಭುಜಗಳ ತುದಿಗೆ ತುದಿ ಎದುರಿಟ್ಟು ಉಳಿದ 6 ಕಡ್ಡಿಯಿಂದ ಜೋಡಿಸಿದರೆ ನಡುವಿನ ಆರು ಷಡ್ಭುಜ ಸಿಗುತ್ತವೆ. ಆದರೆ ಈಗಲೇ ಜೋಡಿಸಬೇಡಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವಸರದವರು ಎಲ್ಲ ಕಡೆ ಷಡ್ಭುಜ ಹಾಕುತ್ತಾರೆ, ಚಪ್ಪಟೆ ಬಲೆ ಬರುತ್ತದೆ. ಅದನ್ನು ಬಿಚ್ಚಿಸುವ ಮೊದಲು ಎಲ್ಲರಿಗೂ ತೋರಿಸಿ, ಏಕೆಂದರೆ ಜೀವಕೋಶದ ಪೊರೆಯ ಒಳಮೈಯಲ್ಲಿ ಅಂಥ ಚಪ್ಪಟೆ ಕ್ಲಾಥ್ರಿನ್ ಬಲೆಗಳೂ ಇವೆ. ಮೂಲೆಗೆ ಮೂರೇ ಅಂಚು ಇರುವ ಪಂಚಭುಜ-ಷಡ್ಭುಜಗಳ ಬುಟ್ಟಿ ಮುಚ್ಚಿಕೊಳ್ಳಬೇಕಾದರೆ ಪಂಚಭುಜ ಸರಿಯಾಗಿ 12 ಇರಲೇಬೇಕು. ಷಡ್ಭುಜ ಹೆಚ್ಚಾದಷ್ಟೂ ಬುಟ್ಟಿ ದೊಡ್ಡದು: 28 ಮುಕ್ಕಾಲಿಗೆ 4, 36ಕ್ಕೆ 8, 60ಕ್ಕೆ 20.

ಈಗ ಮುಕ್ಕಾಲಿ. ಕಂಬಿ ಕಟ್ಟುವ 18 ಗೇಜಿನ ಬೈಂಡಿಂಗ್ ವೈರ್ ಕಾಲು ಕೆ.ಜಿ. ತಂದರೆ ಸಾಕು. 22 ಸೆಂ.ಮೀ.ನ 108 ತುಂಡು. ಮೂರು ಮೂರರಂತೆ ಹಿಡಿದು ಒಂದು ತುದಿಯ 3 ಸೆಂ.ಮೀ. ಹುರಿ ಹೊಸೆದು, ಉಳಿದದ್ದನ್ನು ಮೂರು ದಿಕ್ಕಿಗೆ ಹರಡಿ, ಸಮತಲಕ್ಕಿಂತ ಸುಮಾರು 10 ಡಿಗ್ರಿ ಕೆಳಕ್ಕೆ ಇಳಿಬಿಡಿ. ಹೊಸೆದ ಮೊಳೆ ಬುಟ್ಟಿಯ ಒಳಮುಖಕ್ಕೇ ಇರಬೇಕು. ನಿಜವಾದ ಕ್ಲಾಥ್ರಿನ್ನಿನಲ್ಲೂ ಮೂರು ಸರಪಳಿಗಳ ಬಾಲ ಅಲ್ಲೇ ಒಟ್ಟಾಗಿ ಒಳಕ್ಕೆ ಚಾಚುತ್ತವೆ. ಸೊಂಟದಿಂದ ಮಂಡಿಯವರೆಗೆ ಬಣ್ಣದ ನೂಲು ಸುತ್ತಿ, ಅದು ಹಗುರ ಸರಪಳಿ.

ಹೆಣಿಗೆಯ ನಿಯಮ ಒಂದೇ: ಮೊದಲ ಅಂಚಿನಲ್ಲಿ ಕಾಲು ಕಡ್ಡಿಯ ಹೊರಗೆ, ಮಂಡಿ ತಿರುಗಿದ ಮೇಲೆ ಎರಡನೆಯ ಅಂಚಿನಲ್ಲಿ ಕಡ್ಡಿಯ ಒಳಗೆ, ಪಾದ ಬುಟ್ಟಿಯ ಹೊಟ್ಟೆಯೊಳಕ್ಕೆ. ಎಲ್ಲ ಮುಕ್ಕಾಲಿಗಳ ಮಂಡಿಯೂ ಒಂದೇ ಕೈಗೆ ತಿರುಗಬೇಕು. ಬೆಂಚಿನ ಈ ಬದಿಯವರು ಎಡಕ್ಕೆ, ಆ ಬದಿಯವರು ಬಲಕ್ಕೆ ಬಗ್ಗಿಸಿದರೆ ಒಂದು ಅಂಚಿಗೆ ಐದು ತಂತಿ, ಇನ್ನೊಂದಕ್ಕೆ ಮೂರು ಬೀಳುತ್ತದೆ. ಸರಿಯಾಗಿದ್ದರೆ ಪ್ರತಿ ಅಂಚಿನಲ್ಲೂ ನಾಲ್ಕು: ಹೊರಗೆ ಎರಡು ತೊಡೆ, ಒಳಗೆ ಮಂಡಿಯ ಕೆಳಗಿನ ಎರಡು ಭಾಗ. ಲೆಕ್ಕ ಹಾಕಿಸಿ: 36 × 3 × 2 = 216, ಅದನ್ನು 54ರಿಂದ ಭಾಗಿಸಿದರೆ 4. ಅಂಚಿನ ನಡುವೆ ದಾರದಿಂದ ಒಂದು ಕಟ್ಟು.

ಎರಡು ಬೋಗುಣಿ ಬೇರೆ ಬೇರೆಯಾಗಿದ್ದಾಗಲೇ ಹೆಣೆದುಬಿಡಿ, ಜೋಡಿಸಿದ ಮೇಲೆ ಕೈ ಒಳಗೆ ಹೋಗುವುದಿಲ್ಲ. ಜೋಡಣೆಯ ಅಂಚಿಗೆ ಬರುವ ಕಾಲುಗಳನ್ನು ಬಗ್ಗಿಸದೆ ಬಿಡಿ. ಮೇಲಿನ ಷಡ್ಭುಜದ ಆರು ಮುಕ್ಕಾಲಿಗಳನ್ನೂ ಕೊನೆಗೆ ಉಳಿಸಿ, ಕಾರಣ ಮುಂದಿದೆ.

ಕ್ಲಾಥ್ರಿನ್ ಪೊರೆಯನ್ನು ತಾನಾಗಿ ಮುಟ್ಟುವುದಿಲ್ಲ. ಎರಡನ್ನೂ ಹಿಡಿದು ಸೇರಿಸುವ ಅಡಾಪ್ಟರ್ ಪ್ರೋಟೀನ್ ನಡುವೆ ಬೇಕು. ಸುಮಾರು 11 ಸೆಂ.ಮೀ.ಗೆ ಊದಿದ ಬಲೂನು ಪೊರೆ, ಬಟ್ಟೆ ಕ್ಲಿಪ್ಪು ಎಪಿ2 ಎಂಬ ಅಡಾಪ್ಟರ್. ಕ್ಲಿಪ್ಪಿನ ಬಾಯಿ ಹೊರಕ್ಕಿರುವಂತೆ ಎರಡು ಬದಿಯ ಅಂಟುಪಟ್ಟಿಯಿಂದ ಬಲೂನಿಗೆ ಅಂಟಿಸಿ, ತಂತಿಯ ಪಾದವನ್ನು ಬಾಯಿಗೆ ಕೊಡಿ. ಪಾದದ ತುದಿಯನ್ನು ಇಕ್ಕಳದಿಂದ ಸುರುಳಿ ಮಾಡದಿದ್ದರೆ ಬಲೂನು ಒಡೆಯುತ್ತದೆ. ಎಪಿ2ನಲ್ಲಿ ಆಲ್ಫಾ, ಬೀಟಾ2, ಮ್ಯೂ2, ಸಿಗ್ಮಾ2 ಎಂದು ನಾಲ್ಕು ಭಾಗ. ಪೊರೆಯ ವಿಶೇಷ ಲಿಪಿಡ್ ಒಂದನ್ನು ಹಿಡಿದು ಅದು ಕೂರುತ್ತದೆ, ಸಾಗಬೇಕಾದ ಗ್ರಾಹಕ ಪ್ರೋಟೀನಿನ ಬಾಲವನ್ನು ಗುರುತಿಸುತ್ತದೆ, ಬೀಟಾ2ನ ಸಡಿಲ ಭಾಗದಿಂದ ಕ್ಲಾಥ್ರಿನ್ ಪಾದವನ್ನು ಸೆಳೆಯುತ್ತದೆ. ಸರಕಿನ ಆಯ್ಕೆ ಅಡಾಪ್ಟರ್ ಮಾಡುವ ಕೆಲಸ, ಕ್ಲಾಥ್ರಿನ್ನಿನದಲ್ಲ. ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುವುದು ಇದೇ. ಪ್ರನಾಳದಲ್ಲಿ ಆಮ್ಲತೆಯನ್ನು ಪಿಎಚ್ 6.2ರ ಹತ್ತಿರಕ್ಕೆ ತಂದು ಉಪ್ಪು ಕಡಿಮೆ ಮಾಡಿದರೆ ಕ್ಲಾಥ್ರಿನ್ ತಾನೊಂದೇ ಖಾಲಿ ಬುಟ್ಟಿಗಳನ್ನು ಕಟ್ಟಿಕೊಳ್ಳುತ್ತದೆ. ಜೀವಕೋಶದ ಸಹಜ ಪಿಎಚ್‌ನಲ್ಲಿ ಅದಕ್ಕೆ ಅಡಾಪ್ಟರ್‌ಗಳ ನೆರವು ಬೇಕು.

ಬಲೂನನ್ನು ಒಳಗಿಟ್ಟು ಎರಡು ಬೋಗುಣಿಗಳನ್ನು ಉಳಿದ 6 ಕಡ್ಡಿಯಿಂದ ಜೋಡಿಸಿ, ಬಗ್ಗಿಸದೆ ಬಿಟ್ಟಿದ್ದ ಕಾಲುಗಳನ್ನು ಹೆಣೆಯಿರಿ. ಬಲೂನಿನ ಕುತ್ತಿಗೆಯನ್ನು ಮೇಲಿನ ತೆರಪಿನಿಂದ ಹೊರಗೆ ಎಳೆದು ದಾರವನ್ನು ಮೂರು ಸುತ್ತು ಸುತ್ತಿ ಬಿಗಿಯಿರಿ. ಅದು ಡೈನಮಿನ್, ಜಿಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡಿ ಕುತ್ತಿಗೆ ತುಂಡರಿಸುವ ಪ್ರೋಟೀನ್. ಗಂಟು ಬಿದ್ದ ಮೇಲೆ ಬಾಲ ಕತ್ತರಿಸಿ ಉಳಿದ ಆರು ಮುಕ್ಕಾಲಿ ಹೆಣೆಯಿರಿ. ಮೊದಲೇ ಮುಚ್ಚಿದವರಿಗೆ ದಾರ ಹಾಕಲು ಜಾಗವಿರುವುದಿಲ್ಲ. ಆಮೇಲೆ ವಾಲ್ವ್ ಟ್ಯೂಬ್ ಕತ್ತರಿಸಿ ಕಡ್ಡಿಗಳನ್ನು ಕಿಂಡಿಗಳಿಂದ ಎಳೆದು ತೆಗೆಯಿರಿ. ತಂತಿಯ ಬುಟ್ಟಿ ತನ್ನ ಹೆಣಿಗೆಯ ಬಲದಲ್ಲೇ ನಿಂತರೆ ಕೆಲಸ ಸರಿಯಾಗಿದೆ. ಒಂದು ಬದಿ ಕುಸಿದರೆ ಅಲ್ಲಿ ಮಂಡಿಗಳು ತಪ್ಪು ಕೈಗೆ ತಿರುಗಿವೆ.

ಬಿಚ್ಚುವುದೂ ಪಾಠವೇ. ಹೊದಿಕೆ ಕಳಚದ ಚೀಲ ತನ್ನ ಗುರಿಯ ಪೊರೆಗೆ ಬೆಸೆಯಲಾರದು. ಆಕ್ಸಿಲಿನ್ ಎಂಬ ಸಹಾಯಕ ಪ್ರೋಟೀನ್ ಕರೆತಂದ ಎಚ್‌ಎಸ್‌ಸಿ70 ಎಂಬ ಪ್ರೋಟೀನ್ ಎಟಿಪಿ ಬಳಸಿ ಮೂಲೆಯ ಒಳಬಾಲವನ್ನು ಹಿಡಿದು ಹೆಣಿಗೆ ಸಡಿಲಿಸುತ್ತದೆ. ಮಕ್ಕಳು ದಾರ ಕತ್ತರಿಸಿ, ಹೊಸೆದ ಮೊಳೆ ಹಿಡಿದು ಒಂದೊಂದೇ ಮುಕ್ಕಾಲಿ ಬಿಡಿಸಲಿ. ತಂತಿ ಮುರಿಯದಂತೆ ಬಿಡಿಸಿ ಗೋಡೆಯ ಮೊಳೆಗೆ ನೇತುಹಾಕಿ, ಮುಂದಿನ ತಂಡಕ್ಕೆ ಅವೇ 36 ಸಾಕು. ಮಳೆಗಾಲದಲ್ಲಿ ಬೈಂಡಿಂಗ್ ವೈರ್ ಬೇಗ ತುಕ್ಕು ಹಿಡಿಯುತ್ತದೆ, ಎಣ್ಣೆಬಟ್ಟೆಯಿಂದ ಒರೆಸಿಡಿ.